"ಗೆದ್ದವ° ಸೋತ°" ಹೇಳ್ತ ಗಾದೆ ಆರಿಂಗೆ?

ಕಳುದ ವಾರ ಒಂದು ಉಪ್ನಾನಕ್ಕೆ ಹೋಗಿತ್ತಿದ್ದೆ. ಹಂತಿಲಿ ಎನ್ನ ಹತ್ರೆ ಕೂದೊಂಡಿದ್ದ ತಂಗೆ, ಚಿಕ್ಕಮ್ಮನ ಮಗಳು, ಪಾಯ್ಸ ಬಪ್ಪಗ ಬೇಡ ಹೇಳಿ ಕೈ ಅಡ್ಡ ಹಿಡುದತ್ತು. ಎಂತಾತು ಕೇಳಿದ್ದಕ್ಕೆ ಕಣ್ಣೀರು ಹಾಕಿತ್ತು. ಅಣ್ಣಂದ್ರು ಹಕ್ಕು ಬಿಡುಗಡೆ ಕಾಗದ ತಯಾರು ಮಾಡ್ಸಿದ್ದವಡ. "ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಂಗೆ ಬಾ, ಒಂದು ದಸ್ಕತ್ತು ಹಾಕಿಕ್ಕಿ ಹೋಗು" ಹೇಳಿದವಡ. ಓದಿ ನೋಡ್ತೆ ಹೇಳಿದ್ದಕ್ಕೆ ದೊಡ್ಡ ಅಣ್ಣನ ಉತ್ತರ: "ಎಂತ, ಕೋರ್ಟಿಂಗೆ ಹೋಪ ಅಂದಾಜಾ? ಗೆದ್ದವ° ಸೋತ°, ಸೋತವ° ಸತ್ತ°, ಗೊಂತಿದ್ದಲ್ಲದಾ?"

ಆ ಗಾದೆ ಲೊಟ್ಟೆ ಅಲ್ಲ. ಎನ್ನ ಅಪ್ಪನ ಮನೆಲಿ ಕಣ್ಣಾರೆ ಕಂಡಿದೆ. ನೆರೆಕರೆಯೋರ ಒಟ್ಟಿಂಗೆ ಒಂದು ಅಗಳಿನ ತಕರಾರು. ಎರಡು ಅಡಿ ಜಾಗೆ, ಅದರಲ್ಲಿ ನಾಕು ಅಡಕ್ಕೆ ಮರ. ಆನು ಐದನೇ ಕ್ಲಾಸಿಲ್ಲಿಪ್ಪಗ ಸುರು ಆದ ಕೇಸು ಎನ್ನ ಮದುವೆ ಕಳುದರೂ ಮುಗುದಿತ್ತಿಲ್ಲೆ. ವಾಯಿದೆ ದಿನ ಅಪ್ಪ° ಉದಿಯಪ್ಪಗಳೇ ಪುತ್ತೂರಿನ ಬಸ್ಸು ಹತ್ತುಗು; ಹೊತ್ತಪ್ಪಗ ಬಂದು "ಇಂದೂ ಮುಂದೆ ಹಾಕಿದವು" ಹೇಳುಗು. ವಕೀಲರ ಫೀಸಿಂಗೆ ಅಮ್ಮನ ಸರ ಹೋತು. ಅಕೇರಿಗೆ ಅಪ್ಪ° ಗೆದ್ದ°. ಅಷ್ಟಪ್ಪಗ ಆ ನಾಕು ಮರವೂ ಸತ್ತಿತ್ತು.

ಆದರೆ ಅಪ್ಪಂಗೆ ಆ ಗಾದೆಯ ಆರಾದರೂ ಹೇಳಿದ್ದವಾ? ಇಲ್ಲೆ. "ಬಿಡೆಡಿ ಭಾವ, ಮರ್ಯಾದೆ ಪ್ರಶ್ನೆ" ಹೇಳಿ ಬೆನ್ನು ತಟ್ಟಿದವು. ಎರಡಡಿ ಅಗಳಿಂಗೆ ಜೀವಮಾನ ಕಳವಗ ನೆಂಪಾಗದ್ದ ಗಾದೆ, ಮನೆಯ ಕೂಸು "ಎನ್ನ ಪಾಲು ಎಷ್ಟು?" ಹೇಳಿ ಕೇಳಿದ ಕೂಡ್ಳೇ ಎಲ್ಲೋರ ಬಾಯಿಲಿ ಬತ್ತು. ಹೆಮ್ಮಕ್ಕಳ ಬಾಯಿ ಮುಚ್ಚುಸುಲೆ ಮಾಂತ್ರ ಇಪ್ಪ ಗಾದೆಯಾ ಇದು?

ಕೋರ್ಟಿಂಗೆ ಹೋಪ ಮದಲು ಲೆಕ್ಕ ಹಾಕೆಕ್ಕಾದ್ದು ಅಪ್ಪು. ಗೆಂಡುಮಕ್ಕೊಗೂ ಹೆಮ್ಮಕ್ಕೊಗೂ ಲೆಕ್ಕ ಒಂದೇ.

ಸುರುವಾಣದ್ದು: ಇದು ಹೊಟ್ಟೆದಾ, ಹಠದ್ದಾ? ತೋಟಕ್ಕೆ ಹೋಪ ದಾರಿ ಕಟ್ಟಿದರೆ ಅದು ಹೊಟ್ಟೆದು. ಇನ್ನೊಬ್ಬನ ವರ್ಗ ಜಾಗೆಲಿ 20 ಒರಿಶ ತಡೆ ಇಲ್ಲದ್ದೆ, ಹಕ್ಕಿಲಿ ನೆಡದ ದಾರಿಗೆ 1882ರ ಕಾಯ್ದೆಯ ಬಲ ಇದ್ದು. ಆದರೆ ಬೇಲಿ ಬಿದ್ದ ಮತ್ತೆ ಎರಡು ಒರಿಶದ ಒಳ ಕೇಸು ಹಾಕೆಕ್ಕು. "ಇನ್ನಾಣ ಒರಿಶ ನೋಡುವ" ಹೇಳಿ ಕೂದರೆ ಆ ಬಲ ಹೋತು. ಬೇಲಿ ನಾಕು ಇಂಚು ಇತ್ಲಾಗಿ ಬಂದದು ಹಠದ್ದು. ಸರ್ವೆಯವರ ಬರುಸಿ ಅಳತೆ ಮಾಡ್ಸಿ. ಕುಮ್ಕಿಗೆ ಜಗಳ ಮಾಡ್ತೋರು ನೆಂಪು ಮಡಿಕ್ಕೊಳ್ಳಿ, ಅದು ಸರಕಾರದ ಜಾಗೆ. ನವಗಿಪ್ಪದು ಸೊಪ್ಪು, ಸೌದಿ ತಪ್ಪ ಅನುಕೂಲ.

ಎರಡನೇದು ಕಾಗದ. ಆರ್‌ಟಿಸಿಲಿ ಹೆಸರಿದ್ದರೆ ಸಾಲ, ಅದು ಕಂದಾಯದ ದಾಖಲೆ. ಹಳೆ ಪಾಲುಪಟ್ಟಿ, ವೀಲುನಾಮೆ, ನಕ್ಷೆ, ಋಣಭಾರ ಪತ್ರ ಎಲ್ಲ ಒಟ್ಟು ಮಾಡಿ. ಬಾಯಿ ಸಾಕ್ಷಿ ಹೇಳೆಕ್ಕಾದ ಅಜ್ಜಂದ್ರು ಕೇಸು ಮುಗಿವನ್ನಾರ ಇಕ್ಕಾ?

ಮೂರನೇದು ಹಕ್ಕು ಇದ್ದೋ ಇಲ್ಲೆಯೋ. ಕರ್ನಾಟಕಲ್ಲಿ 1994ರ ತಿದ್ದುಪಡಿ ಬಪ್ಪಗ ಅದಾಗಲೇ ಮದುವೆ ಆದ ಕೂಸುಗಳ ಹೆರ ಮಡುಗಿದವು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗದತ್ತು. ಒಟ್ಟು ಕುಟುಂಬದ ಆಸ್ತಿಲಿ ಮಗಳಿಂಗೆ ಹುಟ್ಟಿಂದಲೇ ಸಮಪಾಲು, 2005ರಲ್ಲಿ ಅಪ್ಪ° ಬದುಕಿರೆಕ್ಕು ಹೇಳಿ ಇಲ್ಲೆ, ಹೇಳಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ಕ್ಕೆ ಹೇಳಿತ್ತು. ಆದರೆ 2004ರ ಡಿಸೆಂಬರ್ 20ರ ಮದಲು ರಿಜಿಸ್ಟ್ರಿ ಆದ ಪಾಲಿನ ಬಿಡುಸುಲೆ ಎಡಿಯ. ಅಪ್ಪ° ಸ್ವಂತ ದುಡುದು ಮಾಡಿದ್ದರ ವೀಲು ಬರದು ಆರಿಂಗೂ ಕೊಡ್ಲೆ ಅಕ್ಕು.

ನಾಕನೇದು ಕಾಲ. ನಮ್ಮ ಕರ್ನಾಟಕದ್ದೇ ದಾನಮ್ಮ ಪ್ರಕರಣ ಇದ್ದು. ದಾವೆ ಸುರು ಆದ್ದು 2002ರಲ್ಲಿ. ಕೆಳಾಣ ಕೋರ್ಟಿಲ್ಲಿಯೂ ಹೈಕೋರ್ಟಿಲ್ಲಿಯೂ ಹೆಣ್ಣುಮಕ್ಕೊಗೆ ಪಾಲು ಇಲ್ಲೆ ಹೇಳಿದವು. 2018ರ ಫೆಬ್ರವರಿಲಿ ಸುಪ್ರೀಂ ಕೋರ್ಟು ಇಬ್ರಿಂಗೂ ಐದರಲ್ಲಿ ಒಂದೊಂದು ಪಾಲು ಕೊಟ್ಟತ್ತು. ನ್ಯಾಯ ಸಿಕ್ಕಿತ್ತು, 16 ಒರಿಶ ಹೋತು.

ಹಾಂಗಾಗಿ ಅಕೇರಿಯಾಣ ಮಾತು: ಹೆದರಿ ದಸ್ಕತ್ತು ಹಾಕುದು, ಕೋಪಲ್ಲಿ ಕೇಸು ಹಾಕುದು, ಈ ಎರಡೇ ದಾರಿ ಅಲ್ಲ. 1987ರ ಕಾನೂನಿನ ಪ್ರಕಾರ ಹೆಮ್ಮಕ್ಕೊಗೆ, ಆದಾಯ ಎಷ್ಟಿದ್ದರೂ, ವಕೀಲರ ನೆರವು ಧರ್ಮಕ್ಕೆ. ತಾಲೂಕು ಕಾನೂನು ಸೇವಾ ಸಮಿತಿಲಿ ಕೇಳೆಕ್ಕು. ಲೋಕ ಅದಾಲತ್ತಿಲ್ಲಿ ರಾಜಿ ಆದರೆ ಅದು ಕೋರ್ಟಿನ ತೀರ್ಪಿಂಗೆ ಸಮ, ಅಪೀಲು ಇಲ್ಲೆ, ಕೋರ್ಟಿಂಗೆ ಕಟ್ಟಿದ ಫೀಸೂ ವಾಪಾಸು ಬತ್ತು.

ತಂಗೆ ಹತ್ರೆ ಆನು ಹೇಳಿದ್ದು ಇಷ್ಟೇ: "ದಸ್ಕತ್ತು ಹಾಕೆಡ, ಕೇಸೂ ಹಾಕೆಡ. ಕಾಗದದ ನಕಲು ಕೇಳು, ಒಂದು ತಿಂಗಳು ಸಮಯ ಕೇಳು. ಪಾಲು ಬಿಡ್ತರೂ ಎಷ್ಟು ಬಿಡ್ತೆ ಹೇಳಿ ಗೊಂತಿದ್ದು ಬಿಡು." ಸೋಮವಾರ ಅದು ಹೋಯಿದಿಲ್ಲೆ. ಅಣ್ಣಂದ್ರು ಇನ್ನೂ ಫೋನು ಮಾಡಿದ್ದವಿಲ್ಲೆ.

ಚೌತಿಗೆ ಅಪ್ಪನ ಮನೆಗೆ ಹೇಳಿಕೆ ಬತ್ತೋ ಇಲ್ಲೆಯೋ ಹೇಳ್ತದು ಅದರ ಹೆದರಿಕೆ. ಕೋರ್ಟಿಂಗಿಂತ ಮದಲು ಲೆಕ್ಕ ಹಾಕೆಕ್ಕಾದ್ದು ಆ ಅಣ್ಣಂದ್ರೂ ಅಲ್ಲದಾ?