ಸದ್ಯಕ್ಕೊಂದು ಲ್ಯಾಪ್‌ಟಾಪ್ ಸಾಕು

ಕಾಲೇಜು ಸೇರಿದ ಮೊದಲ ವಾರ ಜೂನಿಯರ್ಸ್ ನಮ್ಮ ಹತ್ರ ಕೇಳೋ ಪ್ರಶ್ನೆ ಒಂದೇ: "ಯಾವ ಲ್ಯಾಪ್‌ಟಾಪ್ ತಗೊಳ್ಳೋದು?" ಸಿಗೋ ಉತ್ತರವೂ ಒಂದೇ. ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡುಬಿಡು, ನಾಲ್ಕು ವರ್ಷ ತಲೆನೋವಿಲ್ಲ. ಈ ಉತ್ತರ ಕೊಡೋಕೆ ಅರ್ಧ ನಿಮಿಷ ಸಾಕು. ಇಎಂಐ ಮಾತ್ರ ಮನೆಯವರು ತಿಂಗಳು ತಿಂಗಳು ಕಟ್ಟಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ನಮಗೆ ಹೇಳಿಕೊಟ್ಟ ಅಪ್ಪ-ಅಮ್ಮನೇ, ಮಕ್ಕಳ ಓದು ಅಂದ ತಕ್ಷಣ ಸಾಲ ಮಾಡಿಯಾದರೂ ಹಾಸಿಗೆ ಉದ್ದ ಮಾಡ್ತಾರೆ. ಹಾಗಾಗಿ ನಾವು ಯೋಚನೆ ಮಾಡಿ ಉತ್ತರ ಕೊಡಬೇಕು.

ಮೊದಲ ಎರಡು ವರ್ಷ ನಮಗೆ ನಿಜವಾಗಿ ಏನು ಬೇಕು? ಸಿ ಪ್ರೋಗ್ರಾಂ, ಪೈಥಾನ್, ರಿಪೋರ್ಟ್, ಪಿಪಿಟಿ, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್. ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಕಾಲೇಜಿನ ಲ್ಯಾಬ್ ಇದೆ. ಮಷೀನ್ ಲರ್ನಿಂಗ್ ಕಲಿಯೋಕೆ ಶುರು ಮಾಡೋರಿಗೆ ಗೂಗಲ್ ಕೊಲ್ಯಾಬ್‌ನಲ್ಲಿ ಜಿಪಿಯು ಸ್ವಲ್ಪ ಮಟ್ಟಿಗೆ ಉಚಿತವಾಗೇ ಸಿಗುತ್ತೆ. ಅದು ಓಡೋದು ಗೂಗಲ್‌ನ ಕಂಪ್ಯೂಟರ್ ಮೇಲೆ, ನಮ್ಮದರ ಮೇಲೆ ಅಲ್ಲ. ಇಷ್ಟಕ್ಕೆ ಎಂಬತ್ತು ಸಾವಿರ ಬೇಡ. ಸದ್ಯಕ್ಕೆ ಒಂದು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಸಾಕು ಅನ್ನೋದು ನಮ್ಮ ವಾದ.

ಆದರೆ ಕಡಿಮೆ ಬೆಲೆಯದು ಅಂದ್ರೆ ಯಾವುದು? ಇಲ್ಲೇ ತುಂಬ ಜನ ಎಡವೋದು. ಕೈಯಲ್ಲಿ 20,000 ರೂಪಾಯಿ ಇದ್ದರೆ ಮೊದಲು ಕಣ್ಣಿಗೆ ಬೀಳೋದು ಹೊಸ ಡಬ್ಬದಲ್ಲಿ ಬರೋ ತೆಳ್ಳನೆ ಲ್ಯಾಪ್‌ಟಾಪ್. ಒಳಗೆ ಸೆಲೆರಾನ್ ಥರದ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಇವುಗಳಲ್ಲಿ ಸ್ಟೋರೇಜನ್ನು, ಎಷ್ಟೋ ಸಲ ರ‍್ಯಾಮನ್ನೂ, ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬದಲಾಯಿಸೋಕೆ ಆಗಲ್ಲ. ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಸ್ಟೋರೇಜೇ 64 ಜಿಬಿ. ಅಂದ್ರೆ ತಂದ ದಿನವೇ ಅದು ಅಂಚಿನಲ್ಲಿದೆ. ಎರಡು ಅಪ್‌ಡೇಟ್ ಬಂದ ಮೇಲೆ ಫೈಲ್ ಇಡೋಕೆ ಜಾಗ ಹುಡುಕಬೇಕು.

ಅದೇ ದುಡ್ಡಿನ ಆಸುಪಾಸಿನಲ್ಲಿ ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿಗೆ ಹೋಗಿ ನೋಡಿ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿಗೆ ಬರುತ್ತವೆ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490 ಇಂಥವು. ನೋಡೋಕೆ ಕಪ್ಪಗೆ, ದಪ್ಪಗೆ, ಸ್ವಲ್ಪ ಅಂಕಲ್ ಥರ ಇರುತ್ತವೆ ನಿಜ. ಆದರೆ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿಯೋಕೆ ಅಂತಲೇ ಮಾಡಿದ ಯಂತ್ರಗಳು. ಹಿಂದಿನ ಮುಚ್ಚಳ ಬಿಚ್ಚಿದರೆ ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ನಾವೇ ಬದಲಾಯಿಸಬಹುದು. ಇವತ್ತು 8 ಜಿಬಿ, ದುಡ್ಡು ಕೂಡಿದಾಗ 16. ಇಂಜಿನಿಯರಿಂಗ್ ಓದೋರಿಗೆ ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ?

ಕೊಳ್ಳುವಾಗ ಕೆಲವನ್ನು ನೋಡಲೇಬೇಕು. ಇಂಟೆಲ್ ಆದರೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದಿರಲಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕಿಂತ ಹಳೇ ಪ್ರೊಸೆಸರ್‌ಗಳು ಬಹುಪಾಲು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಹಳೆಯದೊಂದು ಬಿದ್ದಿದ್ದರೆ ಲಿನಕ್ಸ್ ಮಿಂಟ್ ಹಾಕಿ, ಅದೂ ನಡೆಯುತ್ತೆ. ಬಯಾಸ್‌ಗೆ ಪಾಸ್‌ವರ್ಡ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ. ಬ್ಯಾಟರಿ ರಿಪೋರ್ಟ್ ತೆಗೆದು, ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡೀತಿತ್ತು, ಈಗ ಎಷ್ಟು ಹಿಡಿಯುತ್ತೆ ಅಂತ ಹೋಲಿಸಿ. ಪ್ರತಿ ಕೀ ಒತ್ತಿ, ಹಿಂಜ್ ಅಲ್ಲಾಡುತ್ತಾ ನೋಡಿ. ಬಿಲ್ ಮತ್ತು ವಾರಂಟಿ ಬರವಣಿಗೆಯಲ್ಲಿ ಇಲ್ಲ ಅಂದ್ರೆ ಪಕ್ಕದ ಅಂಗಡಿ ಇದ್ದೇ ಇದೆ.

"ಮೂರನೇ ವರ್ಷ ಹೇಗೂ ಒಳ್ಳೆಯದು ಬೇಕಲ್ಲ, ಎರಡೆರಡು ಸಲ ಖರ್ಚು ಯಾಕೆ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಸಿಮ್ಯುಲೇಷನ್, ರೆಂಡರಿಂಗ್ ಮಾಡೋರಿಗೆ ಮುಂದೆ ಶಕ್ತಿ ಇರೋ ಲ್ಯಾಪ್‌ಟಾಪ್ ಬೇಕೇ ಬೇಕು. ಆದರೆ ಆ ದಾರಿ ಹಿಡೀತೀವಾ ಅಂತ ಫಸ್ಟ್ ಸೆಮ್‌ನಲ್ಲಿ ಎಷ್ಟು ಜನರಿಗೆ ಗೊತ್ತಿರುತ್ತೆ? ಎರಡು ವರ್ಷ ಬಿಟ್ಟು ಕೊಂಡರೆ ಬೇಕಾದದ್ದನ್ನೇ ಕೊಳ್ಳಬಹುದು. ಬೇಡ ಅನ್ನಿಸಿದರೆ ಆ ದುಡ್ಡು ಪೂರ್ತಿ ಉಳಿಯುತ್ತೆ.

ಇನ್ನೊಂದು ಮಾತು ಯಾರೂ ಬಾಯಿ ಬಿಟ್ಟು ಹೇಳಲ್ಲ: ಮುಜುಗರ. ಕ್ಲಾಸಿನಲ್ಲಿ ಎಲ್ಲರ ಕೀಬೋರ್ಡಿನಲ್ಲಿ ಬಣ್ಣದ ಲೈಟು, ನಮ್ಮದರ ಮೇಲೆ ಯಾವುದೋ ಕಂಪನಿಯ ಸ್ಟಿಕ್ಕರ್ ಕಿತ್ತ ಗುರುತು. ಆದರೆ ಕೋಡ್ ಕಂಪೈಲ್ ಆಗೋವಾಗ ಆ ಗುರುತು ಯಾರಿಗೂ ಕಾಣಲ್ಲ. ಆ ಮುಜುಗರ ಹೋಗಬೇಕಾದರೆ ನಾವು ಸೀನಿಯರ್ಸ್ ಮಾತಾಡೋ ರೀತಿ ಬದಲಾಗಬೇಕು.

ಈ ವರ್ಷ ಜೂನಿಯರ್ ಬಂದು ಕೇಳಿದರೆ ಮಾಡೆಲ್ ಹೆಸರು ಹೇಳೋಕೆ ಮುಂಚೆ ಎರಡು ಪ್ರಶ್ನೆ ಕೇಳೋಣ. ಯಾವ ಬ್ರಾಂಚ್? ಮನೆಯಲ್ಲಿ ಸಾಲ ಮಾಡದೆ ಎಷ್ಟು ಹೊಂದಿಸೋಕೆ ಆಗುತ್ತೆ? ಆಮೇಲೆ ಒಂದು ಶನಿವಾರ ಬಿಡುವು ಮಾಡಿಕೊಂಡು ಅವರ ಜೊತೆ ಎಸ್.ಪಿ. ರೋಡಿಗೆ ಹೋಗಿ ಬರೋಣ.