ಬಿನ್ನಹವೋ, ಬಡಾಯಿಯೋ?

ಶಾಸ್ತ್ರಗ್ರಂಥವನ್ನು ಆರಂಭಿಸುವವನು ನಾಲ್ಕು ಪ್ರಶ್ನೆಗಳಿಗೆ ಉತ್ತರವಿತ್ತು ಮುಂದುವರಿಯತಕ್ಕದ್ದೆಂದು ಪೂರ್ವಿಕರು ನಿಯಮಿಸಿದ್ದರು. ವಿಷಯವೇನು? ಪ್ರಯೋಜನವೇನು? ಅಧಿಕಾರಿ ಯಾರು? ಇವುಗಳೊಳಗಿನ ಸಂಬಂಧವೇನು? ಈ ಅನುಬಂಧಚತುಷ್ಟಯವನ್ನು ಹೇಳದ ಗ್ರಂಥವನ್ನು ಬುದ್ಧಿವಂತರು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಈ ಹಳೆಯ ನಿಯಮವು ಇಂದು ಹೆಚ್ಚಾಗಿ ಬೇಕಾಗಿರುವುದು ಪಾಠಶಾಲೆಯಲ್ಲಲ್ಲ. ವೀಡಿಯೋ ಆಟವೊಂದನ್ನು ರಚಿಸುವುದಕ್ಕಾಗಿ ಧನಸಹಾಯವನ್ನು ಕೋರುವ ತರುಣರು 'ಪಿಚ್ ಡೆಕ್' ಎಂಬ ಹೆಸರಿನಿಂದ ಸಿದ್ಧಪಡಿಸುವ ಹತ್ತು ಹನ್ನೆರಡು ಹಾಳೆಗಳ ಸಚಿತ್ರ ಬಿನ್ನಹದಲ್ಲಿ.

ರಾಯಚೂರು ಸೀಮೆಗೆ ಇದು ದೂರದ ಮಾತೆಂದು ಯಾರೂ ಭಾವಿಸತಕ್ಕುದಲ್ಲ. ಯರಗೇರಾದಲ್ಲಿ ವಿಶ್ವವಿದ್ಯಾಲಯದ ಆವರಣವಿದೆ. 2019ರಲ್ಲಿ ಸ್ಥಾಪಿತವಾದ ಐಐಐಟಿ ಜಿಲ್ಲೆಗೆ ದೊರೆತಿದೆ. ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಗಳಿಗೆಂದೇ ಕರ್ನಾಟಕ ಸರ್ಕಾರವು 2012ರಲ್ಲಿ ಒಂದು ನೀತಿಯನ್ನೂ 2024ರಲ್ಲಿ ಅದರ ನವೀನ ರೂಪವನ್ನೂ ಪ್ರಕಟಿಸಿತು. 2017ರಲ್ಲಿ ಆರಂಭವಾದ 'ಎಲಿವೇಟ್' ಯೋಜನೆಯಲ್ಲಿ ಹೊಸ ಉದ್ಯಮಿಗಳಿಗೆ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನವುಂಟು. ಕಲ್ಯಾಣ ಕರ್ನಾಟಕದವರಿಗೆ ಪ್ರತ್ಯೇಕ ಆಹ್ವಾನವೂ ಬಂದುದುಂಟು. ಅಲ್ಲಿಯೂ ಅಭ್ಯರ್ಥಿಯು ಪರೀಕ್ಷಕರೆದುರು ಇಂತಹ ಬಿನ್ನಹವನ್ನೇ ಇಟ್ಟು ತನ್ನ ಪಕ್ಷವನ್ನು ಸಾಧಿಸಬೇಕು. ಬಾಗಿಲಿದೆ, ತಟ್ಟುವ ಬಗೆಯನ್ನು ಕಲಿಸುವವರಿಲ್ಲ. ಈ ಕೊರತೆಯ ನಡುವೆ ಕೂಲಿಗೆ ಬಿನ್ನಹ ಬರೆದುಕೊಡುವವರು ನುಸುಳುತ್ತಾರೆ. ಹೆಸರನ್ನು ಮಾತ್ರ ಬದಲಿಸಿ, ಒಂದೇ ಆಡಂಬರವನ್ನು ಹತ್ತು ಮಂದಿಗೆ ಮಾರುತ್ತಾರೆ.

ಮೊದಲು ಹಿರಿಯರ ಪೂರ್ವಪಕ್ಷವನ್ನು ಪರಿಶೀಲಿಸಬೇಕು. ಆಟವೆಂದರೆ ಜೂಜು, ಅದಕ್ಕೆ ಹಣ ಬೇಡುವುದು ಭಿಕ್ಷೆ ಎಂಬುದು ಅವರ ಆಕ್ಷೇಪ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರವು 2025ರ ಆಗಸ್ಟ್ ತಿಂಗಳ ಶಾಸನದಿಂದ ನಿಷೇಧಿಸಿತು. ಪಣವಿಲ್ಲದ ಆಟಗಳನ್ನು ಆ ಶಾಸನವೇ ಬೇರೆಯಾಗಿ ಎಣಿಸಿ ಪ್ರೋತ್ಸಾಹಕ್ಕೆ ಅರ್ಹವೆಂದಿತು. ಕಾನೂನು ಕಂಡ ಭೇದವನ್ನು ಮನೆಯ ಹಿರಿಯರು ಕಾಣಬಾರದೇ? ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಆಟಗಳ ನಿರೂಪಣೆಗೆ ಮೀಸಲಿಟ್ಟರೆಂಬುದನ್ನು ಮರೆಯಲಾದೀತೇ? ಆದುದರಿಂದ ಆಟವು ಹೀನವಲ್ಲ; ಅದಕ್ಕಾಗಿ ಬಿನ್ನವಿಸುವುದೂ ಹೀನವಲ್ಲ. ಸುಳ್ಳು ಬಿನ್ನಹವು ಮಾತ್ರ ಹೀನ.

ಇನ್ನು ತರುಣರ ದೋಷ. ಯರಗೇರಾದ ಒಬ್ಬ ಯುವಕನು 1520ರ ರಾಯಚೂರು ಯುದ್ಧವನ್ನು ಆಟವಾಗಿ ರಚಿಸಹೊರಟಿರುವನೆಂದು ವಾಚಕರು ಕಲ್ಪಿಸಲಿ. ಕೂಲಿಯ ಲೇಖಕನು ಬರೆದುಕೊಟ್ಟ ಮೊದಲ ಹಾಳೆಯಲ್ಲಿ ಕೃಷ್ಣದೇವರಾಯನ ವೈಭವ, ಕೃಷ್ಣಾ ತುಂಗಭದ್ರೆಯರ ದೋಆಬಿನ ಮಹಿಮೆ, ಸನಾತನ ಪರಂಪರೆ ಎಲ್ಲವೂ ಇವೆ. ಆಡುವವನ ಕೈ ಏನು ಮಾಡುತ್ತದೆಂಬುದೊಂದೇ ಇಲ್ಲ. ಇದು ವಿಷಯಲೋಪ. ಅದರ ಬದಲಾಗಿ, "ಆಡುವವನು ಮುತ್ತಿಗೆಗೆ ಸಿಕ್ಕ ಕೋಟೆಯ ನೀರುಗಾವಲಿನವನು, ದಿನದಿನಕ್ಕೆ ಇಳಿಯುವ ನೀರನ್ನು ಸೈನಿಕರಿಗೂ ಕುದುರೆಗಳಿಗೂ ಮಕ್ಕಳಿಗೂ ಹಂಚಬೇಕು, ಯಾರಿಗೆ ಕಡಮೆಯಾಯಿತೋ ಅವರಿಂದಲೇ ಮರುದಿನದ ಸಂಕಟ" ಎಂದು ಬರೆದಿದ್ದರೆ ಆಟವೇ ಕಣ್ಣೆದುರು ನಿಲ್ಲುತ್ತಿತ್ತು. ಚರಿತ್ರೆಯ ಹಿರಿಮೆಯು ಚರಿತ್ರೆಯದು. ಆಟದ ಗುಣವನ್ನು ಆಟವೇ ತೋರಿಸಬೇಕು. ಅದಕ್ಕಾಗಿಯೇ ಅನುಭವಿಗಳು ಹಾಳೆಗಳ ಜೊತೆಗೆ ಕೆಲವು ನಿಮಿಷ ಆಡಿ ನೋಡಬಹುದಾದ ತುಣುಕನ್ನು ಕೇಳುತ್ತಾರೆ. ನೂರು ವಿಶೇಷಣಗಳು ಆ ತುಣುಕಿಗೆ ಸಮವಾಗಲಾರವು.

ಅಧಿಕಾರಿಯೆಂದರೆ ಆಡುವವನು. "ಎಲ್ಲರೂ ಆಡುವರು" ಎಂಬುದು ಅತಿವ್ಯಾಪ್ತಿ. ಮೊಬೈಲಿನಲ್ಲಿ ಬಸ್ಸಿನ ಪ್ರಯಾಣದಲ್ಲಿ ಆಡುವವನೋ, ಗಣಕದ ಮುಂದೆ ರಾತ್ರಿಯಿಡೀ ಕೂಡುವವನೋ, ಬೆಲೆ ಕೊಟ್ಟು ಕೊಳ್ಳುವವನೋ, ಉಚಿತವಾದರೆ ಮಾತ್ರ ಮುಟ್ಟುವವನೋ ಎಂಬುದನ್ನು ಹೇಳಬೇಕು. ಇಂತಹದೇ ಬೇರೆ ಆಟಗಳ ಗತಿಯೇನಾಯಿತೆಂಬುದನ್ನು, ಗೆದ್ದವುಗಳ ಜೊತೆಗೆ ಸೋತವುಗಳನ್ನೂ ಸೇರಿಸಿ, ಹೇಳಬೇಕು. ಆಟಗಳ ಮಾರುಕಟ್ಟೆ ಇಷ್ಟು ಸಾವಿರ ಕೋಟಿಯದು, ಅದರಲ್ಲಿ ನೂರಕ್ಕೊಂದು ಪಾಲು ಬಂದರೂ ಸಾಕೆಂಬ ವಾದವು ಬಹಳ ಹಾಳೆಗಳಲ್ಲಿ ಕಾಣುತ್ತದೆ. ರಾಯಚೂರಿನ ಮಾರುಕಟ್ಟೆಗೆ ಸಾವಿರಾರು ಚೀಲ ಹತ್ತಿ ಬರುತ್ತದೆಂದು, ಹೊಲವನ್ನೇ ಉಳದವನು ಹತ್ತು ಚೀಲದ ಬೆಲೆಯನ್ನು ಮುಂಗಡ ಕೇಳಿದರೆ ಯಾವ ಸಾಹುಕಾರನು ಕೊಟ್ಟಾನು?

ಸಂಬಂಧವೆಂದರೆ ಕೇಳಿದ ಹಣಕ್ಕೂ ಮಾಡುವ ಕೆಲಸಕ್ಕೂ ಇರುವ ನಂಟು. ಐದು ಮಂದಿ ಹದಿನೆಂಟು ತಿಂಗಳು ದುಡಿಯುವರು, ತಲಾ 30,000 ರೂಪಾಯಿ ಸಂಬಳ ಎಂದರೆ ಸಂಬಳವೊಂದೇ 27 ಲಕ್ಷವಾಯಿತು. ಸಂಗೀತ, ಯಂತ್ರೋಪಕರಣ, ಭಾಷಾಂತರ, ದೋಷಪರೀಕ್ಷೆ, ಪ್ರಚಾರ, ವಿಳಂಬಕ್ಕೆಂದು ಇಡುವ ಮೀಸಲು ಇವೆಲ್ಲವೂ ಅದರ ಮೇಲೆ. ಇಷ್ಟಾದರೂ 20 ಲಕ್ಷ ಸಾಕೆನ್ನುವವನು ಲೆಕ್ಕವರಿಯದವನು, ಅಥವಾ ಅರಿತೂ ಮರೆಮಾಚುವವನು. ಯಾವ ತಿಂಗಳಿಗೆ ಯಾವ ಭಾಗವು ಮುಗಿಯುವುದು, ಮುಗಿಯದಿದ್ದರೆ ಏನನ್ನು ಕೈಬಿಡುವುದು ಎಂಬುದೂ ಅದೇ ಹಾಳೆಯಲ್ಲಿರಬೇಕು.

ಪ್ರಯೋಜನವು ದಾತೃಭೇದದಿಂದ ಭಿನ್ನವಾಗುತ್ತದೆ. ಸರ್ಕಾರವು ಉದ್ಯೋಗವನ್ನೂ ನಾಡಿನ ಹಿತವನ್ನೂ ನೋಡುತ್ತದೆ. ಬಂಡವಾಳಗಾರನು ಸಂಸ್ಥೆಯಲ್ಲಿ ಪಾಲನ್ನು ಬಯಸುತ್ತಾನೆ. ಆಟದ ಪ್ರಕಾಶಕನು ಸಾಮಾನ್ಯವಾಗಿ ತಾನು ಕೊಟ್ಟ ಮುಂಗಡವು ಮಾರಾಟದಿಂದ ಮರಳಿದ ಮೇಲೆಯೇ ಲಾಭವನ್ನು ಹಂಚುತ್ತಾನೆ. ಮೂವರಿಗೂ ಒಂದೇ ಬಿನ್ನಹವನ್ನು ಕಳುಹಿಸುವುದು ಅವಿವೇಕ. ಆಟದ ಒಡೆತನವು ಯಾರದೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿರುವುದು ಇನ್ನೂ ದೊಡ್ಡ ಅವಿವೇಕ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯು ಪರದೇಶದ ಪ್ರಸಿದ್ಧ ಆಟಗಳಿಗೆ ಎರಡು ದಶಕಗಳ ಕಾಲ ಅಂಗಾಂಗಗಳನ್ನು ರಚಿಸಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಕನ್ನಡನಾಡಿನ ಕೈಗಳ ನೈಪುಣ್ಯವನ್ನು ಅದು ಜಗತ್ತಿಗೆ ತೋರಿಸಿತು. ಆದರೆ ಆ ಆಟಗಳು ಅನ್ಯರವು.

ಒಡೆತನವನ್ನುಳಿಸಿಕೊಂಡು ದುಡಿಯುವ ದಾರಿಯೂ ಸುಲಭವಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು 'ರಾಜಿ' ಎಂಬ ಆಟಕ್ಕಾಗಿ 2017ರಲ್ಲಿ ಸಾರ್ವಜನಿಕರಿಂದ ವಂತಿಗೆಯನ್ನು ಕೋರಿದರು; ನಿರ್ಧರಿಸಿದ ಮೊತ್ತವು ಕೂಡಲಿಲ್ಲ. ಸ್ಥಾಪಕರಲ್ಲೊಬ್ಬರು ಮನೆಯನ್ನು ಮಾರಿ ಕೆಲಸವನ್ನು ನಡೆಸಿದರು. ಬಳಿಕ ಪ್ರಕಾಶಕರು ದೊರೆತು 2020ರಲ್ಲಿ ಆಟವು ಹೊರಬಂದಿತು. ಈ ಧೈರ್ಯವು ಪ್ರಶಂಸನೀಯವೇ. ಆದರೆ ಮಾನವಿಯ, ದೇವದುರ್ಗದ ರೈತನು ಮಗನ ಮಾತನ್ನು ನಂಬಿ ಎರಡೆಕರೆ ಹೊಲವನ್ನು ಒತ್ತೆಯಿಡುವುದಕ್ಕೆ ಇದನ್ನು ಮೇಲ್ಪಂಕ್ತಿಯಾಗಿ ತೋರಿಸುವವರು ದ್ರೋಹಿಗಳು. ಬಿನ್ನಹವನ್ನು ಓದದೆ ಹೊಲವನ್ನು ಒತ್ತೆಯಿಡುವುದೂ ತಪ್ಪು. ಓದದೆ ಮಗನನ್ನು ಗದರಿಸಿ ಕೂಡಿಸುವುದೂ ತಪ್ಪು.

ಹಾಗಾದರೆ ತಂದೆಯು ಓದಬೇಕಾದರೆ ಬಿನ್ನಹವು ಯಾವ ಭಾಷೆಯಲ್ಲಿರಬೇಕು? ಇಲ್ಲಿಯೇ ಸಿದ್ಧಾಂತವಿರುವುದು. ಅದನ್ನು ಮೊದಲು ಕನ್ನಡದಲ್ಲಿ ಬರೆಯಬೇಕು. ಇಂಗ್ಲಿಷು ಬೇಡವೆಂದಲ್ಲ, ಪರೀಕ್ಷಕರಿಗೂ ಪ್ರಕಾಶಕರಿಗೂ ಅದು ಬೇಕಾದೀತು, ಆಮೇಲೆ ಪರಿವರ್ತಿಸಬಹುದು. ಆದರೆ ಎರವಲು ಪದಗಳ ಮರೆಯಲ್ಲಿ ಅಜ್ಞಾನವು ಸುಖವಾಗಿ ಅಡಗಿಕೊಳ್ಳುತ್ತದೆ. ತಾಯ್ನುಡಿಯಲ್ಲಿ ಅದಕ್ಕೆ ಎಡೆಯಿಲ್ಲ. ತನ್ನ ಆಟವನ್ನು ಮನೆಯ ಜಗಲಿಯಲ್ಲಿ ಕುಳಿತ ಹಿರಿಯರಿಗೆ ತಿಳಿಯಹೇಳಲಾರದವನು ಅದನ್ನು ತಾನೇ ತಿಳಿದಿಲ್ಲವೆಂದೇ ಎಣಿಸಬೇಕು.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ, ನಲವತ್ತೊಂದು ಅಡಿಗೂ ಮೀರಿದ ಒಂದೇ ಕಲ್ಲಿದೆ. ಅದರ ಹತ್ತಿರ, ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಯಿಸಿ ತಂದ ಬಗೆಯನ್ನು ಗೆರೆಗಳಲ್ಲಿ ಕೊರೆದಿದ್ದಾರೆ: ಕೋಣಗಳ ಸಾಲು, ಹುರಿದುಂಬಿಸುವವರು, ಹಿಂದಿನಿಂದ ಗಾಲಿಗೆ ಮೀಟುಗೋಲು ಕೊಡುವವರು. ಭಾರವೆಷ್ಟು, ಬಲವೆಷ್ಟು, ಯಾರು ಎಲ್ಲಿ ನಿಂತಿದ್ದರು ಎಂಬುದೆಲ್ಲವೂ ಆ ಚಿತ್ರದಲ್ಲಿ ಕಾಣುತ್ತದೆ. ಬಡಾಯಿಯ ಗೆರೆ ಒಂದೂ ಇಲ್ಲ. ಬಿನ್ನಹ ಬರೆಯಹೊರಟ ತರುಣರು ಮೊದಲು ಹೋಗಿ ಅದನ್ನು ನೋಡಿಬರಲಿ. ಜಿಲ್ಲೆಯ ಸಾಹಿತ್ಯಸಂಘಗಳು ತಿಂಗಳಿಗೊಂದು ಸಂಜೆಯನ್ನು ಅವರಿಗೆ ಬಿಟ್ಟುಕೊಟ್ಟು, ಬಿನ್ನಹವನ್ನು ಸಭೆಯಲ್ಲಿ ಓದಿಸಿ, ಪ್ರಶ್ನೆಗಳನ್ನು ಕೇಳಲಿ. ಆಟವನ್ನೇ ಅರಿಯದ ಗೃಹಿಣಿಯೊಬ್ಬಳು ಅದನ್ನು ಕೇಳಿ ಮನೆಗೆ ಹೋಗಿ, "ಅದು ಇಂತಹ ಆಟವಂತೆ, ಇಷ್ಟು ಹಣ ಬೇಕಂತೆ, ಇದಕ್ಕಾಗಿಯಂತೆ" ಎಂದು ಮೂರು ಮಾತಿನಲ್ಲಿ ಹೇಳಬಲ್ಲಳಾದರೆ, ಆ ತರುಣನು ನಿರ್ಭಯವಾಗಿ ಬೆಂಗಳೂರಿನ ಬಂಡಿಯನ್ನು ಹತ್ತಬಹುದು.