ಹೊರೆ ಹೊತ್ತ ತೋಳಿಗೆ ಪದಕವೂ ಸಲ್ಲಲಿ

ಮೊನ್ನೆ ಓಮಲೂರು ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಿದ್ದೆ. ಯಾರದೋ ಮೊಬೈಲು ಕೈಯಿಂದ ಕೈಗೆ ಹೋಗುತ್ತಿತ್ತು. ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಮೇಲೆ ತೋಳು ಮಡಚಿ ನಿಂತ ಹೆಣ್ಣೊಬ್ಬಳ ಚಿತ್ರ ಅದು. "ಹೆಂಗಸಿಗೆ ಇದೆಲ್ಲ ಯಾಕಪ್ಪ ಬೇಕು?" ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ಆ ನಗು ನನ್ನನ್ನೇ ಚುಚ್ಚತೊಡಗಿತ್ತು.

ನಮ್ಮವ್ವ ತಲೆ ಮೇಲೆ ಹುಲ್ಲಿನ ಹೊರೆ, ಸೊಂಟದಲ್ಲಿ ನನ್ನನ್ನು ಹೊತ್ತು ಹೊಲದಿಂದ ಬರುತ್ತಿದ್ದಳು. "ಹೆಂಗಸಿಗೆ ಇಷ್ಟು ಶಕ್ತಿ ಯಾಕೆ?" ಅಂತ ಆಗ ಕೇಳಿದವರನ್ನು ನಾ ಕಾಣೆ. ಇಟ್ಟಿಗೆ ಹೊರುವಾಗ, ನೀರಿನ ಕೊಡ ಎತ್ತುವಾಗ ಹೆಣ್ಣಿನ ಬಲ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಬಲವನ್ನು ತನಗಾಗಿ ಬೆಳೆಸಿಕೊಂಡಳೋ, ಊರಿಗೆಲ್ಲ ಕಸಿವಿಸಿ.

ಕೃಷ್ಣಗಿರಿಯ ಆಚೆಗಿನ ತಿರುಪತ್ತೂರು ಜಿಲ್ಲೆಯಲ್ಲಿ ಸಂಗೀತಾ ಎಂಬ ಹೆಣ್ಣುಮಗಳಿದ್ದಾರೆ. ದಿನಗೂಲಿ ಕೆಲಸಗಾರ್ತಿ, ಇಬ್ಬರು ಮಕ್ಕಳ ತಾಯಿ. 2022ರಲ್ಲಿ ದಕ್ಷಿಣ ಭಾರತ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯ ಮಹಿಳಾ ವಿಭಾಗದಲ್ಲಿ ಚಿನ್ನ ಗೆದ್ದರು. ಕೂಲಿಗೆ ಹೋಗಿ ಬಂದು, ಮಕ್ಕಳನ್ನೂ ನೋಡಿಕೊಂಡು, ಮತ್ತೆ ಕಬ್ಬಿಣ ಎತ್ತುವುದೆಂದರೆ ಹುಡುಗಾಟವೇ?

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದಾಗ ದೇಶವೇ ಕುಣಿಯಿತು. ಅದು ತೂಕದ ಲೆಕ್ಕ, ಎತ್ತಿದರೆ ಎತ್ತಿದಂತೆ. ದೇಹದಾರ್ಢ್ಯ ಹಾಗಲ್ಲ. ಇಲ್ಲಿ ನೋಡುವವರ ಕಣ್ಣೇ ತಕ್ಕಡಿ. ಸ್ನಾಯುಗಳ ಗಾತ್ರ, ಅಂಗಾಂಗಗಳ ಹೊಂದಿಕೆ, ನಿಲ್ಲುವ ಭಂಗಿ ನೋಡಿ ಅಂಕ ಕೊಡುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂರಿಸುತ್ತೇವೆ. ಬಣ್ಣ ಕಡಿಮೆ, ಎತ್ತರ ಜಾಸ್ತಿ ಅಂತ ಯಾರ್ಯಾರೋ ತೀರ್ಪು ಕೊಡುತ್ತಾರೆ. ಈ ವೇದಿಕೆ ಮೇಲೆ ಅವಳೇ ಬಯಸಿ ಬಂದು, ತಲೆ ಎತ್ತಿ, ತಾನು ಬೆವರು ಸುರಿಸಿ ಗಳಿಸಿದ್ದನ್ನು ತೋರಿಸುತ್ತಾಳೆ. ನನ್ನ ಮೈ ನನ್ನದು ಎಂಬ ಈ ಧೈರ್ಯವೇ ಅವಳನ್ನು ಅಲ್ಲಿಗೆ ಕರೆತರುತ್ತದೆ ಎಂದು ನನಗನ್ನಿಸುತ್ತದೆ.

ಇನ್ನು ಖರ್ಚಿನ ಮಾತು. ಮೈಕಟ್ಟು ಬೆಳೆಸುವವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಬೇಕು ಎನ್ನುತ್ತಾರೆ. 60 ಕಿಲೋ ತೂಗುವ ಹೆಂಗಸಿಗೆ 96 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಬರೀ ಮೊಟ್ಟೆಯಿಂದಲೇ ತುಂಬಿಸುವುದಾದರೆ ದಿನಕ್ಕೆ 16 ಬೇಕು! ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದೇ ಹೆಂಗಸರ ಪದ್ಧತಿಯಾಗಿರುವ ಮನೆಯಲ್ಲಿ ಇದನ್ನು ಕೇಳುವುದಕ್ಕೇ ಎದೆಗಾರಿಕೆ ಬೇಕು.

ಹಾಗಂತ ಈ ಹಾದಿಯ ಮುಳ್ಳುಗಳನ್ನು ಮುಚ್ಚಿಡಬಾರದು. ಸ್ಪರ್ಧೆಗೆ ಮುಂಚೆ ಕೊಬ್ಬು ಕರಗಿಸಲು ಊಟ ಅತಿಯಾಗಿ ಕಡಿಮೆ ಮಾಡಿದರೆ ಮುಟ್ಟು ನಿಂತುಹೋಗಬಹುದು, ಮೂಳೆ ಸವೆಯಬಹುದು. ಬೇಗ ಮೈ ಬರಲಿ ಅಂತ ಸ್ಟೆರಾಯ್ಡ್ ಚುಚ್ಚಿಸಿಕೊಂಡರೆ ದನಿ ಗಡುಸಾಗುತ್ತದೆ. ಒಮ್ಮೆ ಒಡೆದ ದನಿ ಮತ್ತೆ ಮೊದಲಿನಂತಾಗದೆ ಉಳಿಯಬಹುದು. ತಿಳಿದು ಹೇಳುವ ತರಬೇತುದಾರರಿಲ್ಲದ ಸಣ್ಣ ಊರುಗಳಲ್ಲೇ ಈ ಅಪಾಯ ಹೆಚ್ಚು.

ಓದುಗರೇ, ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಊರಿನ ವ್ಯಾಯಾಮಶಾಲೆಯವರು ದಿನಕ್ಕೆ ಒಂದು ಗಂಟೆ ಹೆಂಗಸರಿಗೇ ಬಿಡಲಿ. ಸ್ಪರ್ಧೆ ನಡೆಸುವವರು ಹಾರ ಶಾಲುಗಳ ಖರ್ಚು ಕಡಿಮೆ ಮಾಡಿ, ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಕೊಡಲಿ, ಮದ್ದಿನ ತಪಾಸಣೆ ಮಾಡಿಸಲಿ. ಮನೆಯವರು ತಟ್ಟೆಗೆ ಇನ್ನೆರಡು ಮೊಟ್ಟೆ ಹಾಕಲಿ. ಬೇರೇನೂ ಆಗದಿದ್ದರೆ, ನಗುವುದನ್ನಾದರೂ ಬಿಡೋಣ.

ಆ ಹಿರಿಯರು ಮತ್ತೆ ಸಿಕ್ಕರೆ ಕೇಳಬೇಕೆಂದಿದ್ದೇನೆ: "ಅಯ್ಯಾ, ನಿಮ್ಮ ತಾಯಿಯವರು ಎಷ್ಟು ಭಾರದ ಹೊರೆ ಹೊರುತ್ತಿದ್ದರು?"